ಮಗುವಿಗೆ ಮೆನಿಂಗೊಕಾಕಲ್ ಸೂಜಿ: 9 ತಿಂಗಳಿಗಾ, ವರ್ಷ ತುಂಬಿದ ಮೇಲಾ, 2 ವರ್ಷ ಕಾಯೋದಾ?

ಪುಣೆಯ ಹಡಪ್ಸರ್‌ನ ನಮ್ಮ ಮಕ್ಕಳ ಡಾಕ್ಟರ್ ಕೊಡುವ ಲಸಿಕೆ ಕಾರ್ಡಿನಲ್ಲಿ ಎರಡು ಬಣ್ಣ ಇದೆ. ಬಿಳಿ ಸಾಲುಗಳು ಹಾಕಿಸಲೇಬೇಕಾದವು. ಕೆಳಗಿನ ತೆಳು ಹಳದಿ ಸಾಲುಗಳು ಬೇಕಿದ್ದರೆ ಹಾಕಿಸುವವು. ಮಗನಿಗೆ 9 ತಿಂಗಳು ತುಂಬಿದ ವಾರ ಡಾಕ್ಟರ್ ಪೆನ್ನಿನ ತುದಿಯನ್ನು ಆ ಹಳದಿ ಸಾಲಿನ ಮೇಲೆ ಇಟ್ಟು, 'ಮೆನಿಂಗೊಕಾಕಲ್ ಹಾಕಿಸ್ತೀರಾ? ಯೋಚನೆ ಮಾಡಿ ಹೇಳಿ' ಎಂದರು. ಮೆನಿಂಗೊಕಾಕಸ್ ಅನ್ನುವ ಬ್ಯಾಕ್ಟೀರಿಯಾ ಮಿದುಳಿನ ಪೊರೆಗೂ ರಕ್ತಕ್ಕೂ ಸೋಂಕು ತರುತ್ತದೆ, ಅದನ್ನು ತಡೆಯುವ ಲಸಿಕೆ ಇದು. ಬಾಣಂತನಕ್ಕೆಂದು ಧಾರವಾಡದಿಂದ ಬಂದ ಅಮ್ಮ ಇನ್ನೂ ನಮ್ಮಲ್ಲೇ ಇದ್ದಳು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡೇ, 'ಇದ್ಯಾವ ಹೊಸಾ ಸೂಜಿ ಮತ್ತ? ನಿಮಗ್ಯಾರಿಗೂ ಹಾಕ್ಸಿಲ್ಲ ನೋಡು' ಎಂದಳು.

ಮನೆಗೆ ಬಂದು ಗೆಳತಿಯರನ್ನು ಕೇಳಿದೆ. ಒಬ್ಬೊಬ್ಬರದು ಒಂದೊಂದು ಮಾತು. ಒಬ್ಬಳ ಮಗುವಿಗೆ 9 ತಿಂಗಳಿಗೊಂದು, 12 ತಿಂಗಳಿಗೊಂದು, ಹೀಗೆ ಎರಡು ಡೋಸ್ ಆಗಿದೆ. ಇನ್ನೊಬ್ಬಳ ಡಾಕ್ಟರ್ '2 ವರ್ಷ ಆಗಲಿ, ಒಂದೇ ಡೋಸ್ ಸಾಕು' ಎಂದಿದ್ದಾರೆ. ಇಂಗ್ಲೆಂಡಿನಲ್ಲಿರುವ ನಾದಿನಿಯ ಮಗುವಿಗೆ 8 ವಾರಕ್ಕೇ ಶುರುವಾಗಿತ್ತು, ಅದೂ ಬೇರೆಯದೇ ಲಸಿಕೆ. ಹೀಗಾದರೆ ತಲೆ ಕೆಡುತ್ತೆ ಅಲ್ವಾ? ನಾನು ಜೂನಿಯರ್ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಡಾಕ್ಟರ್ ಅಲ್ಲ. ಆದರೆ ಪಾಠ ಮಾಡುವವಳಿಗೆ 'ಯಾಕೆ' ಎಂದು ಕೇಳದೆ ಇರಲಾಗುವುದಿಲ್ಲ. ಕೂತು ಓದಿದೆ, ನಮ್ಮ ಡಾಕ್ಟರನ್ನು ಎರಡು ಸಲ ಕಾಡಿದೆ. ಕೊನೆಗೆ ನನಗೆ ತಿಳಿದದ್ದು ಇಷ್ಟು: ಮೂವರ ಡಾಕ್ಟರುಗಳು ಹೇಳಿದ್ದೂ ಸರಿಯೇ. ಇಲ್ಲಿ ಬ್ರ್ಯಾಂಡ್ ಆರಿಸುವುದು ಎರಡನೇ ಕೆಲಸ. ಮೊದಲು ಆರಿಸಬೇಕಾದದ್ದು ವಯಸ್ಸನ್ನು. ಅದೇ ಔಷಧಿಗೆ 3 ತಿಂಗಳ ಮಗುವಿನ ಮೈ ಕೊಡುವ ಉತ್ತರ ಬೇರೆ, 1 ವರ್ಷದ ಮಗುವಿನ ಮೈ ಕೊಡುವ ಉತ್ತರ ಬೇರೆ.

ಇದಕ್ಕೂ ಮೊದಲು ಆಗಬೇಕಾದ ಕೆಲಸ

ಮಿದುಳಿನ ಪೊರೆಗೆ ಸೋಂಕು ತರುವ ಬ್ಯಾಕ್ಟೀರಿಯಾ ಒಂದೇ ಅಲ್ಲ. ನಮ್ಮ ದೇಶದ ಪುಟ್ಟ ಮಕ್ಕಳಲ್ಲಿ ಹಿಬ್ ಮತ್ತು ನ್ಯುಮೊಕಾಕಸ್ ಅನ್ನುವ ಬೇರೆ ಎರಡು ಬ್ಯಾಕ್ಟೀರಿಯಾಗಳು ಮೆನಿಂಗೊಕಾಕಸ್‌ಗಿಂತ ಜಾಸ್ತಿ ಕಾಡಿವೆ. ಹಿಬ್ ಲಸಿಕೆ ಐದು ರೋಗ ತಡೆಯುವ ಪೆಂಟಾವೇಲೆಂಟ್ ಸೂಜಿಯ ಒಳಗೇ ಇದೆ. ನ್ಯುಮೊಕಾಕಲ್ ಲಸಿಕೆ 2017ರಲ್ಲಿ ಕೆಲವು ರಾಜ್ಯಗಳಲ್ಲಿ ಶುರುವಾಗಿ 2021ರಲ್ಲಿ ಇಡೀ ದೇಶದ ಸರ್ಕಾರಿ ಪಟ್ಟಿಗೆ ಬಂತು. ಪುಣೆಯ ಮಹಾನಗರಪಾಲಿಕೆಯ ದವಾಖಾನೆಯಲ್ಲೂ ಎರಡೂ ಪುಕ್ಕಟೆ. ಇವನ್ನು ಮುಗಿಸದೆ ಸಾವಿರಗಟ್ಟಲೆ ಕೊಟ್ಟು ಮೆನಿಂಗೊಕಾಕಲ್ ಸೂಜಿ ಹಾಕಿಸಲು ಹೊರಡಬೇಡಿ. ದುಡ್ಡು ಕೊಟ್ಟದ್ದು ದೊಡ್ಡದು, ಪುಕ್ಕಟೆ ಸಿಕ್ಕಿದ್ದು ಸಣ್ಣದು ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಮೆನಿಂಗೊಕಾಕಸ್ ಅಪರೂಪ, ಆದರೆ ಬಂದರೆ ಬಿರುಗಾಳಿಯ ಹಾಗೆ ಬರುತ್ತದೆ. ಬೆಳಿಗ್ಗೆ ಸುಮ್ನೆ ಜ್ವರ ಅನ್ನಿಸಿದ ಮಗು ಸಂಜೆಗೆ ತೀವ್ರ ನಿಗಾ ಘಟಕದಲ್ಲಿ ಇರಬಹುದು. ಚಿಕಿತ್ಸೆ ಸಿಕ್ಕರೂ ಸುಮಾರು 10 ಜನರಲ್ಲಿ ಒಬ್ಬರು ಉಳಿಯುವುದಿಲ್ಲ. ಉಳಿದವರಲ್ಲೂ ಕೆಲವರಿಗೆ ಕಿವಿ ಕೇಳಿಸದು, ಕೆಲವರು ಬೆರಳು, ಕೈಕಾಲು ಕಳೆದುಕೊಳ್ಳುತ್ತಾರೆ. ನಮ್ಮಲ್ಲಿ ದೆಹಲಿಯಲ್ಲಿ 1966, 1985 ಮತ್ತು 2005ರಲ್ಲಿ, ಮೇಘಾಲಯ ಮತ್ತು ತ್ರಿಪುರಾದಲ್ಲಿ 2008-09ರಲ್ಲಿ ಇದು ಹಬ್ಬಿತ್ತು. ಹೆಚ್ಚಿನದು ಈ ಬ್ಯಾಕ್ಟೀರಿಯಾದ 'ಎ' ಗುಂಪಿನದು. ಎ, ಬಿ, ಸಿ, ಡಬ್ಲ್ಯೂ, ಎಕ್ಸ್, ವೈ ಎಂದು ಆರು ಗುಂಪುಗಳೇ ಜಗತ್ತಿನಲ್ಲಿ ಹೆಚ್ಚು ಕಡಿಮೆ ಎಲ್ಲ ಕಾಟ ಕೊಡುವುದು. ಈ ಅಕ್ಷರಗಳನ್ನು ನೆನಪಿಟ್ಟುಕೊಳ್ಳಿ. ಸೂಜಿಯ ಡಬ್ಬಿಯ ಮೇಲೆ ಇರುವುದು ಇವೇ.

ಹಾಲುಗೂಸಿನ ಮೈಯಲ್ಲಿ ನಡೆಯುವುದೇನು

ಅಮ್ಮ ಹೇಳುತ್ತಿದ್ದಳು, 'ಎದೆಹಾಲು ಕುಡೀತದ, ಬಜೆ ತೇಯ್ದು ನೆಕ್ಕಸ್ತೀನಿ, ಮತ್ತೇನ್ ಬೇಕು?' ಅವಳ ಮಾತಿನಲ್ಲಿ ಅರ್ಧ ನಿಜ ಇದೆ. ತಾಯಿಯ ಪ್ರತಿಕಾಯಗಳು, ಅಂದರೆ ರೋಗಾಣುವಿಗೆ ಅಂಟಿ ಗುರುತು ಹಾಕುವ ಪ್ರೋಟೀನುಗಳು, ಮಗುವಿಗೆ ಸಿಗುವುದು ನಿಜ. ಆದರೆ ರಕ್ತದಲ್ಲಿ ಕಾವಲು ಕಾಯುವ ಪ್ರತಿಕಾಯ ಬರುವುದು ಹಾಲಿನಿಂದ ಅಲ್ಲ, ಹೊಟ್ಟೆಯಲ್ಲಿದ್ದಾಗ ಮಾಸಿನ ಮೂಲಕ. ಅದೂ ಕೊನೆಯ ಮೂರು ತಿಂಗಳಲ್ಲೇ ಜಾಸ್ತಿ. (ಅದಕ್ಕೇ ದಿನ ತುಂಬದೆ ಹುಟ್ಟಿದ ಕೂಸಿಗೆ ಈ ಆಸ್ತಿ ಕಡಿಮೆ. ಆದರೂ ಲಸಿಕೆಯ ತಾರೀಕನ್ನು ಹುಟ್ಟಿದ ದಿನದಿಂದಲೇ ಎಣಿಸುತ್ತಾರೆ, ಮುಂದೂಡುವುದಿಲ್ಲ.) ಎದೆಹಾಲಿನ ಪ್ರತಿಕಾಯ ಬಾಯಿ, ಗಂಟಲು, ಕರುಳಿನ ಒಳಗೋಡೆಯನ್ನು ಕಾಯುತ್ತದೆ. ಅದು ಬಹಳ ಒಳ್ಳೆಯದು, ಆದರೆ ರಕ್ತಕ್ಕೆ ನುಗ್ಗಿದ ಮೆನಿಂಗೊಕಾಕಸ್‌ನ ಎದುರು ಅದು ಸಾಲುವುದಿಲ್ಲ.

ತಾಯಿ ಕೊಟ್ಟ ಬುತ್ತಿ ತಿಂಗಳು ತಿಂಗಳು ಕರಗುತ್ತದೆ. ಮಗು ತನ್ನದನ್ನು ಇನ್ನೂ ಮಾಡಿಕೊಂಡಿರುವುದಿಲ್ಲ. ಈ ನಡುವಿನ ಕಂದಕವೇ ಅಪಾಯದ ಕಾಲ. 1969ರಲ್ಲಿ ಅಮೆರಿಕದ ಸೈನ್ಯದ ಸಂಶೋಧಕರು ಇದನ್ನು ತೋರಿಸಿದರು. ಅವರು ಬೇರೆ ಬೇರೆ ವಯಸ್ಸಿನವರ ರಕ್ತದ ದ್ರವಕ್ಕೆ ಜೀವಂತ ಬ್ಯಾಕ್ಟೀರಿಯಾ ಬೆರೆಸಿ, ಎಷ್ಟು ಸಾಯುತ್ತವೆ ಎಂದು ನೋಡಿದರು. ಹುಟ್ಟಿದಾಗ ಕೊಲ್ಲುವ ಶಕ್ತಿ ಚೆನ್ನಾಗಿರುತ್ತದೆ, 6 ತಿಂಗಳಿಂದ 2 ವರ್ಷದ ನಡುವೆ ತಳ ಹಿಡಿಯುತ್ತದೆ, ಆಮೇಲೆ ಮೆಲ್ಲಗೆ ಏರುತ್ತದೆ. ರೋಗದ ಗೆರೆ ಸರಿಯಾಗಿ ಇದರ ಉಲ್ಟಾ. ಈಗಲೂ ಹೊಸ ಲಸಿಕೆ ಕೆಲಸ ಮಾಡುತ್ತಾ ಎಂದು ಅಳೆಯುವುದು ಈ ಪರೀಕ್ಷೆಯಲ್ಲೇ. ರಕ್ತದ ದ್ರವವನ್ನು ನಾಲ್ಕು ಪಟ್ಟು ತೆಳು ಮಾಡಿದರೂ, ಮನುಷ್ಯನದೇ ಕಾಂಪ್ಲಿಮೆಂಟ್ ಜೊತೆ ಅದು ಬ್ಯಾಕ್ಟೀರಿಯಾವನ್ನು ಕೊಲ್ಲುತ್ತಿದ್ದರೆ ರಕ್ಷಣೆ ಇದೆ ಎಂದು ಲೆಕ್ಕ. ಕಾಂಪ್ಲಿಮೆಂಟ್ ಅಂದರೆ ರಕ್ತದಲ್ಲಿರುವ ಪ್ರೋಟೀನುಗಳ ಒಂದು ತಂಡ. ಪ್ರತಿಕಾಯ ಹೋಗಿ ಗುರುತು ಹಾಕುತ್ತದೆ, ಈ ತಂಡ ಬಂದು ಬ್ಯಾಕ್ಟೀರಿಯಾದ ಮೈಯಲ್ಲಿ ತೂತು ಕೊರೆಯುತ್ತದೆ.

ಹಾಗಾದರೆ ಹುಟ್ಟಿದ ಕೂಡಲೇ ಲಸಿಕೆ ಕೊಟ್ಟು ಕಂದಕ ಮುಚ್ಚಬಾರದಾ? ಇಲ್ಲೇ ತೊಡಕು. ಮೆನಿಂಗೊಕಾಕಸ್ ಸಕ್ಕರೆಯ ಸರಪಣಿಗಳಿಂದ ಮಾಡಿದ ಒಂದು ಕೋಟು ಹಾಕಿಕೊಂಡಿರುತ್ತದೆ. ದೊಡ್ಡವರ ಗುಲ್ಮದಲ್ಲಿ (ಸ್ಪ್ಲೀನ್) ಒಂದು ಬಗೆಯ ಬಿ ಕೋಶಗಳಿವೆ. ಇವು ಪ್ರತಿಕಾಯ ಮಾಡುವ ಬಿಳಿ ರಕ್ತಕಣಗಳು, 'ಬಿ' ಗುಂಪಿನ ಬ್ಯಾಕ್ಟೀರಿಯಾಕ್ಕೂ ಈ ಹೆಸರಿಗೂ ಸಂಬಂಧ ಇಲ್ಲ. ಅವು ಈ ಸಕ್ಕರೆಯನ್ನು ನೋಡಿದ ಕೂಡಲೇ, ಬೇರೆಯವರ ಸಹಾಯ ಕೇಳದೆ ಪ್ರತಿಕಾಯ ಮಾಡುತ್ತವೆ. 2 ವರ್ಷದೊಳಗಿನ ಮಗುವಿನಲ್ಲಿ ಈ ಕೋಶಗಳು ಇನ್ನೂ ಪಕ್ವ ಆಗಿರುವುದಿಲ್ಲ. ಮಗುವಿನ ಮೈಗೆ ಆ ಸಕ್ಕರೆ ಕಂಡರೂ ಕಾಣದ ಹಾಗೆ.

ಇದಕ್ಕೆ ವಿಜ್ಞಾನಿಗಳು ಹುಡುಕಿದ ಉಪಾಯ ನನಗೆ ಪಾಠ ಮಾಡುವಾಗಲೆಲ್ಲ ಖುಷಿ ಕೊಡುತ್ತದೆ. ಸಕ್ಕರೆಯನ್ನು ಒಂದು ಪ್ರೋಟೀನಿಗೆ ಗಂಟು ಹಾಕುವುದು. ಡಿಫ್ತೀರಿಯಾದ್ದೋ ಟೆಟನಸ್‌ದ್ದೋ ವಿಷ ತೆಗೆದ ಪ್ರೋಟೀನು. ಬಿ ಕೋಶ ಸಕ್ಕರೆಯನ್ನು ಹಿಡಿಯುತ್ತದೆ, ಜೊತೆಗೆ ಪ್ರೋಟೀನನ್ನೂ ನುಂಗುತ್ತದೆ, ಅದರ ತುಣುಕನ್ನು ಟಿ ಕೋಶ ಅನ್ನುವ ಇನ್ನೊಂದು ಬಗೆಯ ಬಿಳಿ ರಕ್ತಕಣಕ್ಕೆ ತೋರಿಸುತ್ತದೆ. ಟಿ ಕೋಶಕ್ಕೆ ಪ್ರೋಟೀನು ಅರ್ಥವಾಗುತ್ತದೆ, ಅದು ಬಿ ಕೋಶದ ಬೆನ್ನಿಗೆ ನಿಲ್ಲುತ್ತದೆ. ಆಗ ಪುಟ್ಟ ಮಗುವಿನಲ್ಲೂ ಒಳ್ಳೆಯ ಪ್ರತಿಕಾಯ ಹುಟ್ಟುತ್ತದೆ, ನೆನಪಿನ ಕೋಶಗಳೂ ಉಳಿಯುತ್ತವೆ. ಇದಕ್ಕೆ ಕಾಂಜುಗೇಟ್ ಲಸಿಕೆ ಎನ್ನುತ್ತಾರೆ.

ಹಾಗಾಗಿ ಮೊದಲ ಹೋಲಿಕೆಯನ್ನು ಎರಡೇ ಮಾತಿನಲ್ಲಿ ಮುಗಿಸುತ್ತೇನೆ. ಬರೀ ಸಕ್ಕರೆಯ ಹಳೆಯ ಪಾಲಿಸ್ಯಾಕರೈಡ್ ಲಸಿಕೆ 2 ವರ್ಷದೊಳಗಿನ ಮಗುವಿಗೆ ಬೇಡ. ಅಗ್ಗ ಹೌದು, ಆದರೆ ಆ ವಯಸ್ಸಿನಲ್ಲಿ 'ಎ' ಗುಂಪು ಬಿಟ್ಟರೆ ಉಳಿದವಕ್ಕೆ ಉತ್ತರ ಬಹಳ ಕಮ್ಮಿ, ನೆನಪು ಉಳಿಯುವುದಿಲ್ಲ, ಮೇಲಾಗಿ ಅದನ್ನೇ ಮತ್ತೆ ಮತ್ತೆ ಕೊಟ್ಟರೆ ಮುಂದಿನ ಉತ್ತರ ಇನ್ನೂ ಮಂಕಾಗಬಹುದು. ಡಬ್ಬಿಯ ಮೇಲೆ 'ಕಾಂಜುಗೇಟ್' ಎಂದು ಇದೆಯಾ ನೋಡಿ.

ಬೇಗ ಹಾಕಿದರೆ ಒಳ್ಳೆಯದಾ, ತಡವಾದರೆ ಒಳ್ಳೆಯದಾ

ಈ ಪ್ರಶ್ನೆಗೆ ಬ್ರಿಟನ್ನಿನ ಕಥೆಗಿಂತ ಒಳ್ಳೆಯ ಪಾಠ ಇಲ್ಲ. 1999ರ ನವೆಂಬರಿನಲ್ಲಿ ಅವರು 'ಸಿ' ಗುಂಪಿನ ಕಾಂಜುಗೇಟ್ ಲಸಿಕೆಯನ್ನು ಮಕ್ಕಳಿಗೆ 2, 3, 4 ತಿಂಗಳಿಗೆ ಕೊಡಲು ಶುರು ಮಾಡಿದರು. ಜಗತ್ತಿನಲ್ಲೇ ಮೊದಲು. ಹದಿಹರೆಯದವರಿಗೂ ಅದೇ ಹೊತ್ತಿಗೆ ಕೊಟ್ಟರು. ರೋಗ ಗಬಕ್ಕನೆ ಇಳಿಯಿತು. ಆದರೆ ಕೆಲವು ವರ್ಷದ ಮೇಲೆ ಲೆಕ್ಕ ಹಾಕಿದಾಗ ಒಂದು ವಿಷಯ ಕಂಡಿತು. ಹಾಲುಗೂಸಾಗಿದ್ದಾಗ ಮೂರು ಡೋಸ್ ತಗೊಂಡ ಮಕ್ಕಳಲ್ಲಿ ಒಂದು ವರ್ಷ ಕಳೆಯುವಷ್ಟರಲ್ಲಿ ರಕ್ಷಣೆ ಕರಗಿಹೋಗುತ್ತಿತ್ತು. ಅದೇ ವರ್ಷ ದಾಟಿದ ಮೇಲೆ ಒಂದೇ ಡೋಸ್ ತಗೊಂಡವರಲ್ಲಿ ಅದಕ್ಕಿಂತ ಜಾಸ್ತಿ ಕಾಲ ನಿಂತಿತ್ತು. ಮೂರಕ್ಕಿಂತ ಒಂದು ಗಟ್ಟಿ!

ಯಾಕೆ ಹೀಗೆ? ಪ್ರತಿಕಾಯವನ್ನು ವರ್ಷಗಟ್ಟಲೆ ಸುರಿಸುತ್ತಾ ಇರುವ ಕೋಶಗಳು ಮೂಳೆಮಜ್ಜೆಯಲ್ಲಿ ಹೋಗಿ ನೆಲೆಸಬೇಕು. ತೀರಾ ಎಳೆಯ ಮಗುವಿನ ಮಜ್ಜೆಯಲ್ಲಿ ಅವನ್ನು ಬದುಕಿಸುವ ಸಂಕೇತಗಳು ಕಡಿಮೆ. ಕೋಶಗಳು ಹುಟ್ಟುತ್ತವೆ, ಹೋಗುತ್ತವೆ, ಬೇರೂರುವುದಿಲ್ಲ. ಮಳೆ ಬೀಳುವ ಮೊದಲೇ ಬಿತ್ತಿದ ಹಾಗೆ, ಮೊಳಕೆ ಬರುತ್ತದೆ, ನಿಲ್ಲುವುದಿಲ್ಲ. ನೆನಪಿನ ಕೋಶಗಳೇನೋ ಉಳಿದಿರುತ್ತವೆ. ಆದರೆ ಅವು ಎದ್ದು ಪ್ರತಿಕಾಯ ಮಾಡಲು ಕೆಲವು ದಿನ ಬೇಕು, ಮೆನಿಂಗೊಕಾಕಸ್ ಅಷ್ಟು ದಿನ ಕಾಯುವುದಿಲ್ಲ. ಗಂಟಲಿನಿಂದ ರಕ್ತಕ್ಕೆ ಇಳಿದು ಗಂಟೆಗಳಲ್ಲೇ ಕೆಲಸ ಮುಗಿಸುತ್ತದೆ. ಹಾಗಾಗಿ ಈ ರೋಗಕ್ಕೆ ನೆನಪು ಸಾಲದು. ರಕ್ತದಲ್ಲಿ ಪ್ರತಿಕಾಯ ಈಗಲೇ, ತಯಾರಾಗಿ ಇರಬೇಕು. ಮಕ್ಕಳ ಲಸಿಕೆಗಳ ಬಗ್ಗೆ ನಾನು ಓದಿದ ಎಲ್ಲದರಲ್ಲಿ ಈ ಒಂದು ವಿಷಯ ನನ್ನ ಯೋಚನೆಯನ್ನೇ ಬದಲಿಸಿತು.

ಬ್ರಿಟನ್ನಿನವರು 2006ರಲ್ಲಿ 12 ತಿಂಗಳಿಗೆ ಒಂದು ಬೂಸ್ಟರ್ ಸೇರಿಸಿದರು. ಆಮೇಲೆ ಎಳೆ ವಯಸ್ಸಿನ ಡೋಸ್‌ಗಳನ್ನು ಒಂದೊಂದಾಗಿ ಕಳೆದರು, 2016ರಲ್ಲಿ ಕೊನೆಯದನ್ನೂ ಬಿಟ್ಟರು. ಧೈರ್ಯ ಹೇಗೆ ಬಂತು ಅಂದರೆ, ಅಷ್ಟರಲ್ಲಿ ಹದಿಹರೆಯದವರಿಗೆ ಲಸಿಕೆ ಆಗಿತ್ತು. ಈ ಬ್ಯಾಕ್ಟೀರಿಯಾವನ್ನು ಗಂಟಲಲ್ಲಿ ಇಟ್ಟುಕೊಂಡು ಓಡಾಡುವವರು ಹೆಚ್ಚಾಗಿ ಆ ವಯಸ್ಸಿನವರು. ಅವರ ಗಂಟಲು ಶುದ್ಧವಾದರೆ ತೊಟ್ಟಿಲಿನ ಕೂಸಿಗೆ ಸೋಂಕು ದಾಟುವುದಿಲ್ಲ.

ನಮ್ಮ ಪುಣೆಗೆ ಈ ನೆರಳು ಇಲ್ಲ. ಇಲ್ಲಿ ದೊಡ್ಡ ಮಕ್ಕಳಿಗೆ ಸಾಮೂಹಿಕವಾಗಿ ಕೊಟ್ಟಿಲ್ಲ. ಹಾಗಾಗಿ 'ಇಂಗ್ಲೆಂಡಿನಲ್ಲೇ ಬಿಟ್ಟಿದ್ದಾರಂತೆ' ಎಂದು ಹೇಳಿ ಇಲ್ಲಿ ತೀರ್ಮಾನ ಮಾಡಬಾರದು. 'ಅಲ್ಲಿ 8 ವಾರಕ್ಕೇ ಕೊಡ್ತಾರಂತೆ' ಎಂದೂ ಮಾಡಬಾರದು, ಅದು ಬೇರೆ ಗುಂಪಿನದು, ಮುಂದೆ ಹೇಳುತ್ತೇನೆ.

ಈಗ ವಯಸ್ಸುಗಳನ್ನು ಪಕ್ಕ ಪಕ್ಕ ಇಟ್ಟು ನೋಡಿ. 2 ತಿಂಗಳಿಗೆ ಶುರು ಮಾಡಿದರೆ ಕಂದಕ ಬೇಗ ಮುಚ್ಚುತ್ತದೆ, ಆದರೆ ಮೂರು ನಾಲ್ಕು ಡೋಸ್ ಬೇಕು, ವರ್ಷಕ್ಕೆ ಬೂಸ್ಟರ್ ಹಾಕದಿದ್ದರೆ ಹಾಕಿದ್ದೆಲ್ಲ ಸೋರಿಹೋಗುತ್ತದೆ. 9 ತಿಂಗಳಿಗೆ ಶುರು ಮಾಡಿದರೆ ಎರಡು ಡೋಸ್. 2 ವರ್ಷ ಕಾದರೆ ಒಂದೇ ಡೋಸ್, ಖರ್ಚು ಕಮ್ಮಿ, ಚುಚ್ಚುವುದು ಕಮ್ಮಿ, ಆದರೆ ಅಪಾಯ ಜಾಸ್ತಿ ಇರುವ ಕಾಲವನ್ನೇ ಬರಿಗೈಲಿ ದಾಟಿಸಿದ ಹಾಗೆ. ನನ್ನ ಮನಸ್ಸು ನಡುವಿನದಕ್ಕೆ ವಾಲುತ್ತದೆ, ಆದರೆ ಹಾಕಿಸಲು ಕಾರಣ ಇದ್ದರೆ ಮಾತ್ರ.

ನಮ್ಮೂರಿನ ಲಸಿಕೆಯೇ ಈ ಮಾತಿಗೆ ಸಾಕ್ಷಿ. ಹಡಪ್ಸರ್‌ನ ಸೀರಂ ಇನ್‌ಸ್ಟಿಟ್ಯೂಟ್ ಆಫ್ರಿಕಾಕ್ಕಾಗಿ 'ಎ' ಗುಂಪಿನ ಮೆನ್‌ಆಫ್ರಿವ್ಯಾಕ್ ಮಾಡಿತು. 2010ರ ಡಿಸೆಂಬರಿನಲ್ಲಿ ಬುರ್ಕಿನಾ ಫಾಸೊದಲ್ಲಿ ಅದು ಶುರುವಾಯಿತು. ಒಂದು ಡೋಸ್‌ಗೆ ಅರ್ಧ ಡಾಲರಿಗಿಂತ ಕಡಿಮೆ. ಸಹಾರಾದ ಕೆಳಗಿನ ಆ ಇಡೀ ಪಟ್ಟಿಯಲ್ಲಿ 'ಎ' ಗುಂಪು ಇಂದು ಹೆಚ್ಚು ಕಡಿಮೆ ಮಾಯ. ಮಕ್ಕಳಿಗೆ ಅದನ್ನು ಕೊಡುವ ವಿಷಯಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು ಗಮನಿಸಿ: 9ರಿಂದ 18 ತಿಂಗಳ ಒಳಗೆ ಕೊಟ್ಟರೆ ಒಂದು ಡೋಸ್, ಅದಕ್ಕಿಂತ ಮೊದಲೇ 3 ತಿಂಗಳಿಗೆ ಶುರು ಮಾಡುವುದಾದರೆ ಎರಡು ಡೋಸ್. ಅದೇ ಸೀಸೆ, ಅದೇ ಔಷಧಿ. ಬದಲಾದದ್ದು ಮಗುವಿನ ವಯಸ್ಸು. ನಮ್ಮ ಮನೆಯಿಂದ ಅಷ್ಟು ದೂರವಿಲ್ಲದ ಆ ಗೇಟಿನ ಮುಂದೆ ಹಾದುಹೋಗುವಾಗ ಅಮ್ಮನಿಗೆ ಇದನ್ನು ಹೇಳಿದೆ. ಅವಳು ರಿಕ್ಷಾದಿಂದ ಬಗ್ಗಿ ಗೇಟನ್ನೇ ಸ್ವಲ್ಪ ಹೊತ್ತು ನೋಡಿದಳು. 'ಇಲ್ಲಿಂದ ಅಷ್ಟು ದೂರದ ಕೂಸುಗಳಿಗೆ ಹೋಗ್ತದೇನು?' ಎಂದು ಕೇಳಿದಳು.

ಬ್ರ್ಯಾಂಡ್‌ಗಳ ನಡುವೆ

ಖಾಸಗಿ ಕ್ಲಿನಿಕ್‌ಗಳಲ್ಲಿ ಕೇಳಿಬರುವ ಹೆಸರುಗಳಲ್ಲಿ ಮೆನ್ಯಾಕ್ಟ್ರಾ, ಮೆನ್ವಿಯೊ ಮುಖ್ಯ. ಎರಡೂ ಎ, ಸಿ, ಡಬ್ಲ್ಯೂ, ವೈ ನಾಲ್ಕು ಗುಂಪಿನ ಕಾಂಜುಗೇಟ್‌ಗಳು. ವ್ಯತ್ಯಾಸ ಇರುವುದು ಸಕ್ಕರೆಯನ್ನು ಕಟ್ಟಿದ ಪ್ರೋಟೀನಿನಲ್ಲಿ ಮತ್ತು ಯಾವ ವಯಸ್ಸಿಗೆ ಅನುಮತಿ ಇದೆ ಅನ್ನುವುದರಲ್ಲಿ.

ಮೆನ್ಯಾಕ್ಟ್ರಾದಲ್ಲಿ ಡಿಫ್ತೀರಿಯಾ ಟಾಕ್ಸಾಯ್ಡ್ ಇದೆ. 9ರಿಂದ 23 ತಿಂಗಳಿನ ಮಗುವಿಗೆ ಕನಿಷ್ಠ 3 ತಿಂಗಳ ಅಂತರದಲ್ಲಿ ಎರಡು ಡೋಸ್, 2 ವರ್ಷ ದಾಟಿದರೆ ಒಂದು. 9 ಮತ್ತು 12 ತಿಂಗಳಿಗೆ ಕೊಟ್ಟು ನೋಡಿದ ಪ್ರಯೋಗಗಳಲ್ಲಿ ಎ, ಸಿ, ವೈ ಗುಂಪುಗಳಿಗೆ 100ರಲ್ಲಿ 90ಕ್ಕಿಂತ ಜಾಸ್ತಿ ಮಕ್ಕಳಲ್ಲಿ ಕೊಲ್ಲುವ ಪ್ರತಿಕಾಯ ಬಂತು, ಡಬ್ಲ್ಯೂಗೆ 80ಕ್ಕಿಂತ ಜಾಸ್ತಿ. ಆದರೆ ಇದು ಎರಡನೇ ಡೋಸ್ ಆದ ಮೇಲಿನ ಮಾತು. ಮೊದಲನೆಯದು ಮೈಗೆ ಪರಿಚಯ ಮಾಡಿಸುತ್ತದೆ ಅಷ್ಟೆ, ಗಟ್ಟಿ ಮಾಡುವುದು ಎರಡನೆಯದು. ಇದನ್ನು ದಪ್ಪ ಅಕ್ಷರದಲ್ಲಿ ಬರೆದುಕೊಳ್ಳಿ.

ಮೆನ್ವಿಯೊದಲ್ಲಿ ಸಿಆರ್‌ಎಂ197 ಅನ್ನುವ, ಹುಟ್ಟಿನಿಂದಲೇ ವಿಷ ಇಲ್ಲದ ಡಿಫ್ತೀರಿಯಾ ಪ್ರೋಟೀನಿನ ರೂಪ ಇದೆ. ನರ್ಸ್ ಎರಡು ಸೀಸೆ ತೆಗೆದು, ಒಂದರ ನೀರನ್ನು ಇನ್ನೊಂದರ ಬಿಳಿ ಪುಡಿಗೆ ಬೆರೆಸುವುದನ್ನು ನೋಡಿದರೆ ಗಾಬರಿ ಬೇಡ, 'ಎ' ಗುಂಪಿನ ಭಾಗ ಆ ಪುಡಿಯಲ್ಲಿದೆ. ಬೆರೆಸದೆ ಬರೀ ನೀರು ಚುಚ್ಚಿದರೆ 'ಎ' ತಪ್ಪಿಹೋಗುತ್ತದೆ. ನಮ್ಮ ದೇಶದಲ್ಲಿ ದೊಡ್ಡ ದಾಳಿಗಳೆಲ್ಲ 'ಎ'ದೇ ಆಗಿದ್ದರಿಂದ ಬೆರೆಸುವುದನ್ನು ಕಣ್ಣಾರೆ ನೋಡುವುದು ಒಳ್ಳೆಯದು. ಅಮೆರಿಕದಲ್ಲಿ ಮೆನ್ವಿಯೊವನ್ನು 2, 4, 6, 12 ತಿಂಗಳಿಗೆ ಕೊಡಲು ಅನುಮತಿ ಇದೆ, ಆದರೆ ಕೊಡಿಸಿ ಎಂದು ಹೇಳುವುದು ಎಲ್ಲ ಮಕ್ಕಳಿಗೆ ಅಲ್ಲ, ಅಪಾಯ ಜಾಸ್ತಿ ಇರುವವರಿಗೆ. ಇಲ್ಲಿ ಅದನ್ನು 2 ವರ್ಷದಿಂದ ಮೇಲೆ ಕೊಡುವುದು ರೂಢಿ. ಹಾಗಾಗಿ 9 ತಿಂಗಳ ಕೂಸಿನ ಪ್ರಶ್ನೆಯಾದರೆ ನಮ್ಮಲ್ಲಿ ಮೆನ್ಯಾಕ್ಟ್ರಾ ಬಗ್ಗೆಯೇ ಮಾತು ಬರುತ್ತದೆ.

ಮೂರನೆಯ ಬಗೆ ಟೆಟನಸ್ ಪ್ರೋಟೀನಿಗೆ ಕಟ್ಟಿದ್ದು, ನಿಮೆನ್ರಿಕ್ಸ್ ಮತ್ತು ಮೆನ್‌ಕ್ವಾಡ್ಫಿ ಇದಕ್ಕೆ ಸೇರಿದವು. ಹೊರದೇಶಕ್ಕೆ ಹೋಗುವವರಿಗೆ ಅಲ್ಲಿ ಈ ಹೆಸರು ಕಾಣಿಸುತ್ತದೆ. ಮೆನ್‌ಕ್ವಾಡ್ಫಿಯನ್ನು ಅಮೆರಿಕ 2020ರಲ್ಲಿ 2 ವರ್ಷದಿಂದ ಮೇಲಿನವರಿಗೆ ಒಪ್ಪಿತ್ತು, 2025ರಲ್ಲಿ 6 ವಾರದ ಮಗುವಿನಿಂದಲೇ ಒಪ್ಪಿತು. ಇನ್ನು ಸೀರಂನವರ ಹೊಸ ಮೆನ್‌ಫೈವ್ ಎಕ್ಸ್ ಗುಂಪನ್ನೂ ಸೇರಿಸಿ ಐದನ್ನು ತಡೆಯುವ ಕಾಂಜುಗೇಟ್. 2023ರ ಜುಲೈಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆ ಸಿಕ್ಕಿತು, 2024ರಲ್ಲಿ ನೈಜೀರಿಯಾ ಎಲ್ಲರಿಗಿಂತ ಮೊದಲು ಬಳಸಿತು. ಅದು ಸಹಾರಾದ ಕೆಳಗಿನ ಆ ಪಟ್ಟಿಯ ಅಗತ್ಯಕ್ಕೆ ಹುಟ್ಟಿದ್ದು.

ಒಂದು ಸೂಕ್ಷ್ಮ ಇದೆ, ಇದನ್ನು ಡಾಕ್ಟರ್ ಬಿಟ್ಟು ಬೇರೆ ಯಾರೂ ಹೇಳುವುದಿಲ್ಲ. ಕಟ್ಟಿದ ಪ್ರೋಟೀನುಗಳು ಬೇರೆ ಲಸಿಕೆಗಳಲ್ಲೂ ಇವೆ. ನ್ಯುಮೊಕಾಕಲ್ ಲಸಿಕೆಯ ಜೊತೆಗೇ ಮೆನ್ಯಾಕ್ಟ್ರಾ ಕೊಟ್ಟರೆ ನ್ಯುಮೊಕಾಕಲ್‌ನ ಕೆಲವು ಭಾಗಗಳಿಗೆ ಉತ್ತರ ಕಡಿಮೆ ಆಗಬಹುದು. ಆರೋಗ್ಯವಂತ ಮಗುವಿಗೆ ಇದು ದೊಡ್ಡ ತೊಂದರೆಯಲ್ಲ. ಗುಲ್ಮ ಇಲ್ಲದ ಅಥವಾ ಎಚ್‌ಐವಿ ಇರುವ ಮಗುವಿಗೆ ಮಾತ್ರ ಇದು ದೊಡ್ಡ ವಿಷಯ. ಅಂಥವರಿಗೆ ನ್ಯುಮೊಕಾಕಲ್ ಪೂರ್ತಿ ಮುಗಿದು 4 ವಾರ ಆದ ಮೇಲೆ, 2 ವರ್ಷ ದಾಟಿದ ಮೇಲೆ ಮೆನ್ಯಾಕ್ಟ್ರಾ ಕೊಡಬೇಕು ಎನ್ನುತ್ತಿತ್ತು, ಅಲ್ಲಿ ಅದು ಬಳಕೆಯಲ್ಲಿದ್ದಾಗಿನ ಅಮೆರಿಕದ ನಿಯಮ.

ಬಿ ಗುಂಪು ಬೇರೆಯೇ ಕಥೆ

ನಾದಿನಿಯ ಮಗುವಿಗೆ 8 ವಾರಕ್ಕೆ ಕೊಟ್ಟದ್ದು ಬೆಕ್ಸೆರೊ, ಬಿ ಗುಂಪಿನದು. ಬಿ ಗುಂಪಿನ ಸಕ್ಕರೆ ಕೋಟು ನಮ್ಮದೇ ನರಕೋಶಗಳ ಮೇಲಿರುವ ಸಕ್ಕರೆಯ ತದ್ರೂಪ. ಮೈ ಅದನ್ನು ತನ್ನದೇ ಎಂದುಕೊಂಡು ಸುಮ್ಮನಿರುತ್ತದೆ. ಹಾಗಾಗಿ ಸಕ್ಕರೆ ಬಿಟ್ಟು ಬ್ಯಾಕ್ಟೀರಿಯಾದ ಮೈಮೇಲಿನ ಪ್ರೋಟೀನುಗಳಿಂದ ಲಸಿಕೆ ಮಾಡಿದರು. ಪ್ರೋಟೀನು ಆದ್ದರಿಂದ 2 ತಿಂಗಳ ಮಗುವೂ ಉತ್ತರ ಕೊಡುತ್ತದೆ. ಆದರೆ ಇಲ್ಲೂ ವರ್ಷಕ್ಕೆ ಬೂಸ್ಟರ್ ಬೇಕೇ ಬೇಕು. ಬ್ರಿಟನ್ 2015ರ ಸೆಪ್ಟೆಂಬರಿನಲ್ಲಿ ಎಲ್ಲ ಹಾಲುಗೂಸುಗಳಿಗೂ ಶುರು ಮಾಡಿತು, ಯಾಕೆಂದರೆ ಅವರಲ್ಲಿ ಉಳಿದ ಕಾಟದಲ್ಲಿ ಬಹುಪಾಲು ಬಿ ಗುಂಪಿನದು.

ಈ ಸೂಜಿಗೆ ಜ್ವರ ಜಾಸ್ತಿ. ಬೇರೆ ಲಸಿಕೆಗಳ ಜೊತೆ ಕೊಟ್ಟಾಗ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಬರುತ್ತದೆ. ಅದಕ್ಕೇ ಅಲ್ಲಿ ಎಳೆ ಮಕ್ಕಳಿಗೆ ಸೂಜಿಯ ಹೊತ್ತಿಗೇ ಪ್ಯಾರಾಸಿಟಮಾಲ್ ಕೊಡಿ ಎನ್ನುತ್ತಾರೆ. ನಾದಿನಿ ಫೋನ್ ಮಾಡಿ ಇದನ್ನು ಹೇಳಿದ ಮೇಲೆ ಇಲ್ಲಿ ಗೆಳತಿಯೊಬ್ಬಳು ತನ್ನ ಮಗುವಿಗೆ ಎಲ್ಲ ಲಸಿಕೆಗೂ ಮೊದಲೇ ಪ್ಯಾರಾಸಿಟಮಾಲ್ ಕುಡಿಸಲು ಶುರು ಮಾಡಿದ್ದಳು. ದಯವಿಟ್ಟು ಹಾಗೆ ಮಾಡಬೇಡಿ. ಜ್ವರ ಬರುವ ಮೊದಲೇ ಅದನ್ನು ಕೊಟ್ಟರೆ ಕೆಲವು ಲಸಿಕೆಗಳ ಪ್ರತಿಕಾಯ ಕಡಿಮೆ ಆಗುತ್ತದೆ ಎಂದು 2009ರಲ್ಲೇ ಒಂದು ಅಧ್ಯಯನ ತೋರಿಸಿದೆ. ಬೆಕ್ಸೆರೊ ವಿಷಯದಲ್ಲಿ ಪರೀಕ್ಷಿಸಿ, ತೊಂದರೆ ಇಲ್ಲ ಎಂದು ನೋಡಿಕೊಂಡೇ ಹೇಳಿದ್ದಾರೆ. ನಮ್ಮ ಮಗುವಿಗೆ ನಮ್ಮ ಡಾಕ್ಟರ್ ಹೇಳಿದ್ದೇ ಸರಿ.

ಹಾಗಾದರೆ ಯಾರಿಗೆ ಯಾವುದು

ಎಲ್ಲಿಗೂ ಹೋಗುವುದಿಲ್ಲ, ಮಗು ಆರೋಗ್ಯವಾಗಿದೆ, ಸುತ್ತಮುತ್ತ ರೋಗ ಇಲ್ಲ ಅಂದರೆ ಭಾರತದ ಮಕ್ಕಳ ತಜ್ಞರ ಅಕಾಡೆಮಿ ಇದನ್ನು ಎಲ್ಲರಿಗೂ ಹೇಳುವುದಿಲ್ಲ. ಅಪಾಯ ಜಾಸ್ತಿ ಇರುವವರಿಗೆ, ರೋಗ ಹಬ್ಬಿದಾಗ, ಪ್ರಯಾಣಕ್ಕೆ ಎಂದು ಹೇಳುತ್ತದೆ. ಹಾಕಿಸದಿದ್ದರೆ ನೀವು ಕೆಟ್ಟ ತಾಯಿ ತಂದೆ ಆಗುವುದಿಲ್ಲ, ಇದನ್ನು ಮನಸಾರೆ ಹೇಳುತ್ತಿದ್ದೇನೆ. ಹಾಕಿಸಬೇಕು ಅನ್ನಿಸಿ ಕೈಯಲ್ಲಿ ದುಡ್ಡಿದ್ದರೆ 9 ಮತ್ತು 12 ತಿಂಗಳು ಒಳ್ಳೆಯ ಹೊತ್ತು. ಹೇಗೂ ಆಗ ಬೇರೆ ಸೂಜಿಗೆ ಹೋಗುವುದಿರುತ್ತದೆ.

ಉಮ್ರಾ ಅಥವಾ ಹಜ್‌ಗೆ ಮಗುವನ್ನು ಕರೆದುಕೊಂಡು ಹೋಗುವವರ ಲೆಕ್ಕ ಬೇರೆ. ನಮ್ಮ ಕಟ್ಟಡದಲ್ಲಿ ಹುಬ್ಬಳ್ಳಿ ಕಡೆಯ ಒಂದು ಕುಟುಂಬ ಮುಂಬೈಯಿಂದ ಹೊರಡುವವರಿತ್ತು, ಮೊಮ್ಮಗುವಿಗೆ 14 ತಿಂಗಳು. ಸೌದಿಯ ನಿಯಮದಂತೆ 1 ವರ್ಷದ ಮೇಲಿನವರಿಗೆಲ್ಲ ನಾಲ್ಕು ಗುಂಪಿನ ಲಸಿಕೆಯ ಪ್ರಮಾಣಪತ್ರ ಬೇಕು, ತಲುಪುವ 10 ದಿನ ಮೊದಲಾದರೂ ಹಾಕಿಸಿರಬೇಕು. ಪಾಲಿಸ್ಯಾಕರೈಡ್ ಆದರೆ 3 ವರ್ಷಕ್ಕೆ, ಕಾಂಜುಗೇಟ್ ಆದರೆ 5 ವರ್ಷಕ್ಕೆ ಅದು ನಡೆಯುತ್ತದೆ. ಅಜ್ಜ ಅಜ್ಜಿಗೆ ಹಾಕಿದ್ದನ್ನೇ ಮಗುವಿಗೂ ಹಾಕಿಸಿಬಿಡೋಣ ಎಂದುಕೊಂಡಿದ್ದರು. ನಾನು ಡಬ್ಬಿ ತಿರುಗಿಸಿ ನೋಡಿದೆ, ಅದು ಪಾಲಿಸ್ಯಾಕರೈಡ್. ಕಾಗದಕ್ಕೆ ಸಾಕು, 14 ತಿಂಗಳ ಮೈಗೆ ಸಾಲದು. ಮಗುವಿಗೆ ಬೇರೆ, ಕಾಂಜುಗೇಟ್ ಹಾಕಿಸಿದರು. ಅವರಿಗೆ ಹೊರಡಲು ನಾಲ್ಕು ತಿಂಗಳು ಇತ್ತು, ಎರಡೂ ಡೋಸ್ ಆಯಿತು. ಹೀಗೆ ಪ್ರಯಾಣ ಇದೆ ಎಂದು ಗೊತ್ತಾದ ದಿನವೇ ಕ್ಲಿನಿಕ್‌ಗೆ ಹೋಗಿ.

ಹುಟ್ಟಿನಿಂದ ಕಾಂಪ್ಲಿಮೆಂಟ್ ಕೊರತೆ ಇದ್ದರೆ, ಗುಲ್ಮ ಇಲ್ಲದಿದ್ದರೆ ಅಥವಾ ಸಿಕಲ್ ಸೆಲ್ ಕಾಯಿಲೆಯಿಂದ ಕೆಲಸ ಮಾಡದಿದ್ದರೆ ಇದು ಹಳದಿ ಸಾಲಿನ ವಿಷಯವೇ ಅಲ್ಲ, ಹಾಕಿಸಲೇಬೇಕು. ಯಾವಾಗ, ಯಾವುದು ಎಂದು ತಜ್ಞರೇ ಹೇಳಬೇಕು.

ಇಂಗ್ಲೆಂಡಿಗೆ ಮನೆ ಬದಲಿಸುವವರು ಅಲ್ಲಿನ ಪಟ್ಟಿಯನ್ನು ಅಲ್ಲೇ ಹಿಡಿಯಬಹುದು. ಇಲ್ಲಿ ಹಾಕಿಸಿದ ಎ, ಸಿ, ಡಬ್ಲ್ಯೂ, ವೈ ಬಿ ಗುಂಪನ್ನು ತಡೆಯುವುದಿಲ್ಲ, ಅಷ್ಟು ನೆನಪಿರಲಿ.

ಯಾವುದನ್ನು ಹಾಕಿಸಿದರೂ, ಬಿಟ್ಟರೂ, ಮಗುವಿಗೆ ಜ್ವರದ ಜೊತೆ ಕೈಕಾಲು ತಣ್ಣಗಾದರೆ, ನೆತ್ತಿ ಉಬ್ಬಿದರೆ, ಅಳು ಕೀರಲಾದರೆ, ಇಲ್ಲಾ ಎಬ್ಬಿಸಿದರೂ ಏಳದ ಹಾಗಿದ್ದರೆ, ಇವುಗಳಲ್ಲಿ ಒಂದು ಕಂಡರೂ ತಡ ಮಾಡದೆ ಆಸ್ಪತ್ರೆಗೆ ಓಡಿ. ಗಾಜಿನ ಲೋಟ ಒತ್ತಿದರೂ ಮಾಸದ ಕೆಂಪು ಚುಕ್ಕೆ ಕಂಡರಂತೂ ಒಂದು ನಿಮಿಷವೂ ಬೇಡ. ನಮ್ಮ ಬಣ್ಣದ ಮೈಮೇಲೆ ಅದು ಬೇಗ ಕಾಣಿಸುವುದಿಲ್ಲ, ಅಂಗೈ, ಅಂಗಾಲು, ಕಣ್ಣರೆಪ್ಪೆಯ ಒಳಗೆ ನೋಡಿ.

ನಮ್ಮನೆಯಲ್ಲಿ ಆದದ್ದು

ಇಷ್ಟೆಲ್ಲ ಓದುವ ಮೊದಲೇ ಮಗಳ ವಿಷಯದಲ್ಲಿ ಒಂದು ತಪ್ಪಾಗಿತ್ತು. ಅವಳು ಇವನಿಗಿಂತ ನಾಲ್ಕು ವರ್ಷ ದೊಡ್ಡವಳು. ಆಗ ಹೋಗುತ್ತಿದ್ದ ಬೇರೊಂದು ಕ್ಲಿನಿಕ್‌ನಲ್ಲಿ 10 ತಿಂಗಳಿಗೆ ಮೊದಲ ಡೋಸ್ ಹಾಕಿ ಸ್ಟಿಕ್ಕರ್ ಅಂಟಿಸಿದರು. ಎರಡನೆಯದು ಇದೆ ಎಂದು ಹೇಳಲಿಲ್ಲ, ಮುಂದಿನ ತಾರೀಕಿನ ಜಾಗ ಖಾಲಿ ಬಿಟ್ಟರು. ನಾನೂ ಕೇಳಲಿಲ್ಲ. ಮಗನ ಕಾರ್ಡಿನ ಹಳದಿ ಸಾಲು ನೋಡಿ ಬಂದ ರಾತ್ರಿ ಮಗಳ ಹಳೇ ಕಾರ್ಡ್ ತೆಗೆದೆ. ಸ್ಟಿಕ್ಕರ್ ಒಂದೇ ಒಂದು ಇತ್ತು, ಅದರ ಪಕ್ಕದ ಚೌಕ ಬೆಳ್ಳಗೆ. ನಾಲ್ಕು ವರ್ಷ ಅವಳಿಗೆ ರಕ್ಷಣೆ ಇದೆ ಎಂದು ನಂಬಿಕೊಂಡಿದ್ದೆ. ಹೊಟ್ಟೆಯಲ್ಲಿ ಏನೋ ಕಲಸಿದ ಹಾಗಾಯಿತು.

ಮರುದಿನ ಈಗಿನ ಡಾಕ್ಟರಿಗೆ ತೋರಿಸಿದೆ. ಅವರು ಬೈಯಲಿಲ್ಲ. 'ಮೊದಲಿಂದ ಶುರು ಮಾಡಬೇಕಾಗಿಲ್ಲ, ತಪ್ಪಿದ್ದನ್ನು ಈಗ ಕೊಡೋಣ' ಎಂದು ಅವಳಿಗೆ ಅಂದೇ ಕೊಟ್ಟರು. ಮಗನಿಗೂ ಮೊದಲನೆಯದನ್ನು ಹಾಕಿಸಿದೆ. ಮುಂದಿನ ವರ್ಷ ನಾವು ಇಂಗ್ಲೆಂಡಿಗೆ ಹೋಗಿ ಕೆಲವು ತಿಂಗಳು ಇದ್ದು ಬರುವುದಿದೆ, ದಾರಿಯಲ್ಲಿ ದುಬೈಯಲ್ಲಿ ಭಾವನ ಮನೆ, ಹಾಗಾಗಿ ಹಾಕಿಸುವ ಕಡೆಗೇ ಮನಸ್ಸು ಬಂತು. ಕ್ಲಿನಿಕ್‌ನಿಂದ ಹೊರಡುವ ಮೊದಲು ಡಾಕ್ಟರಿಂದ ಕಾರ್ಡಿನಲ್ಲಿ ಮೂರು ವಿಷಯ ಬರೆಸಿಕೊಂಡೆ: ಸೀಸೆಯ ಮೇಲಿನ ಪೂರ್ತಿ ಹೆಸರು, ಅದು ಕಾಂಜುಗೇಟ್ ಹೌದೋ ಅಲ್ಲವೋ, ಎರಡನೆಯದರ ತಾರೀಕು. ಅಮ್ಮ ಕಾರ್ಡನ್ನು ಕೈಗೆ ತಗೊಂಡು, ಕನ್ನಡಕ ಏರಿಸಿ, ಆ ತಾರೀಕನ್ನು ಎರಡು ಸಲ ಓದಿದಳು. ಮನೆಗೆ ಬಂದವಳೇ ಅಡುಗೆಮನೆಯಲ್ಲಿ ತೂಗುಹಾಕಿದ ಕ್ಯಾಲೆಂಡರಿನ ಹಾಳೆಗಳನ್ನು ಮುಂದೆ ಮಡಚಿ, ಆ ದಿನದ ಸುತ್ತ ಕೆಂಪು ಪೆನ್ನಿನಿಂದ ಗುಂಡಗೆ ಬರೆದಳು.